ಕಂತೆಗೆ ತಕ್ಕ ಬೊಂತೆ

ಸರ್ಕಾರಿ ಕಚೇರಿಗೆ ಒಂದು ಸಲವಾದ್ರೂ ಅಲೆದವರಿಗೆ ‘ಕಡತ’ ಅನ್ನೋ ಪದ ಗೊತ್ತೇ ಇರುತ್ತೆ. ಕಡತ ಮೇಲಕ್ಕೆ ಹೋಗಿದೆ, ಕಡತ ಸಹಿಗೆ ಕೂತಿದೆ, ಕಡತ ಸಿಗ್ತಿಲ್ಲ. ಈಗೀಗ ಕಡತ ಕಂಪ್ಯೂಟರ್ ಒಳಗೆ ಹೋಗಿರೋದ್ರಿಂದ ಅದಕ್ಕೆ ಕಾಗದವೂ ಬೇಕಿಲ್ಲ. ಆದ್ರೆ ಈ ಪದಕ್ಕೆ ಕಾಗದ ಮೊದಲಿಂದಲೂ ಬೇಕಿರಲಿಲ್ಲ. ಕಡತ ಅಂದ್ರೆ ಮೂಲದಲ್ಲಿ ಬಟ್ಟೆಯ ಪುಸ್ತಕ.

ಹತ್ತಿಬಟ್ಟೆಯ ಉದ್ದನೆಯ ಪಟ್ಟಿ ತಗೊಂಡು, ಹುಣಸೆಬೀಜದ ಸರಿಗೆ ಇದ್ದಿಲ ಪುಡಿ ಕಲಸಿ, ಎರಡೂ ಕಡೆ ಬಳಿದು ಒಣಗಿಸ್ತಿದ್ರು. ಒಣಗಿದ ಮೇಲೆ ಅದು ಕಪ್ಪು ಹಲಗೆ ಥರ ಆಗೋದು. ಬೀಸಣಿಗೆಯ ಹಾಗೆ ಒಂದರ ಮೇಲೊಂದು ಮಡಚಿ, ಎರಡು ತುದಿಗೆ ಮರದ ಹಲಗೆ ಕೂರಿಸಿದ್ರೆ ಪುಸ್ತಕ ತಯಾರು. ಬರೆಯೋದು ಬಳಪದಲ್ಲಿ. ಬೇಡ ಅನ್ನಿಸಿದ್ರೆ ಒದ್ದೆ ಬಟ್ಟೆಯಲ್ಲಿ ಒರೆಸಿ ಮತ್ತೆ ಬರೀಬಹುದು. ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲಿ ದಕ್ಷಿಣ ಭಾರತದ ಚರಿತ್ರೆ ಬರೆದಾಗ ಇದನ್ನ ಅಳತೆ ಸಮೇತ ವಿವರಿಸಿದ್ದಾನೆ. ಅಗಲ ಎಂಟು ಅಂಗುಲದಿಂದ ಒಂದು ಅಡಿ, ಉದ್ದ 12ರಿಂದ 18 ಅಡಿ. ಅಂಗಡಿಯ ಲೆಕ್ಕ, ಊರಿನ ಲೆಕ್ಕ, ಮಠದ ಲೆಕ್ಕ ಎಲ್ಲ ಇದರಲ್ಲೇ ಇರ್ತಿತ್ತು. ಶೃಂಗೇರಿ ಮಠದ ಹಳೇ ಕಡತಗಳು ಇತಿಹಾಸಕಾರರಿಗೆ ಇವತ್ತಿಗೂ ಆಕರ.

18 ಅಡಿ ಅಂದ್ರೆ ಹೆಚ್ಚುಕಮ್ಮಿ ಒಂದು ಸೀರೆಯ ಉದ್ದ. ನಾನು ಈ ವಿಷಯದ ಹಿಂದೆ ಬಿದ್ದಿದ್ದೇ ಇಲ್ಲಿಂದ. ಯಾಕಂದ್ರೆ ನನಗೆ ಎರಡು ಚಟ ಇವೆ. ಒಂದು, ಹಳೇ ಪುಸ್ತಕ ಕೊಂಡು ಓದೋದು. ಇನ್ನೊಂದು, ಮೂರು ವರ್ಷದಿಂದ ಅಂಟಿಕೊಂಡಿದ್ದು, ಕೌದಿ ಹೊಲಿಯೋದು. ಎರಡಕ್ಕೂ ಸೇರಿ ಇರೋದು ಒಂದೇ ಭಾನುವಾರ. ಆಫೀಸಿನ ಗೆಳೆಯರು ಇದನ್ನ ‘ವರ್ಕ್-ಲೈಫ್ ಬ್ಯಾಲೆನ್ಸ್ ಅಲ್ಲ, ಲೈಫ್-ಲೈಫ್ ಬ್ಯಾಲೆನ್ಸ್’ ಅಂತಾರೆ. ಇವೆರಡೂ ಒಂದಕ್ಕೊಂದು ಸಂಬಂಧವಿಲ್ಲದ ಹವ್ಯಾಸ ಅನ್ನೋದು ಅವರ ವಾದ. ಚರಿತ್ರೆ ಹಾಗೆ ಹೇಳಲ್ಲ.

ಕಾಗದವನ್ನೇ ತಗೊಳ್ಳಿ. ಯುರೋಪಿನಲ್ಲಿ 19ನೇ ಶತಮಾನದ ಅರ್ಧದವರೆಗೂ ಕಾಗದ ಮಾಡ್ತಿದ್ದಿದ್ದು ಹರಕು ಬಟ್ಟೆಯಿಂದ. ಬೀದಿ ಬೀದಿಯಲ್ಲಿ ಚಿಂದಿ ಕೊಳ್ಳೋರು ತಿರುಗಾಡ್ತಿದ್ರು. ಜನ ಉಟ್ಟು ಸವೆಸಿದ ನಾರುಬಟ್ಟೆ, ಹತ್ತಿಬಟ್ಟೆ ಕೊಳೆಸಿ, ಕುಟ್ಟಿ, ಹಾಳೆ ಎತ್ತುತ್ತಿದ್ರು. ಓದೋರು ಹೆಚ್ಚಾದಂತೆ ಚಿಂದಿ ಸಾಲದೇ ಹೋಯ್ತು. 1844ರಲ್ಲಿ ಜರ್ಮನಿಯ ಕೆಲ್ಲರ್ ಅನ್ನೋನು ಮರವನ್ನ ಅರೆದು ತಿರುಳು ತೆಗೆಯೋ ದಾರಿ ಕಂಡ. ಮುಂದೆ ಕಾಗದ ಅಗ್ಗ ಆಯ್ತು, ಆಯಸ್ಸು ಕಮ್ಮಿಯಾಯ್ತು. ಮರದ ತಿರುಳಿನ ಕಾಗದದಲ್ಲಿ ಉಳಿಯೋ ಆಮ್ಲ ಅದನ್ನ ಒಳಗಿಂದಲೇ ತಿನ್ನುತ್ತೆ. ಅದಕ್ಕೇ 1700ರ ಪುಸ್ತಕದ ಹಾಳೆ ಇನ್ನೂ ಬೆಳ್ಳಗೆ ಇರಬಹುದು, 1950ರ ಕನ್ನಡ ಕಾದಂಬರಿಯ ಹಾಳೆ ತಿರುವಿದ್ರೆ ಹಪ್ಪಳದ ಹಾಗೆ ಮುರಿಯುತ್ತೆ. ನಮ್ಮಲ್ಲಿ ಭದ್ರಾವತಿಯ ಮೈಸೂರು ಕಾಗದ ಕಾರ್ಖಾನೆ ಶುರುವಾಗಿದ್ದು 1936ರಲ್ಲಿ. ಬಿದಿರು, ಕಬ್ಬಿನ ಸಿಪ್ಪೆ ಅರೆದು ಕಾಗದ ಮಾಡಿತು. ಹತ್ತು ವರ್ಷದ ಹಿಂದೆ ಅದೂ ನಿಂತುಹೋಯ್ತು.

ಅಂದ್ರೆ ಒಂದು ಕಾಲದಲ್ಲಿ ಸವೆದ ಬಟ್ಟೆಗೆ ಎರಡು ದಾರಿ ಇತ್ತು. ಇಲ್ಲವೇ ಹೊದಿಕೆ, ಇಲ್ಲವೇ ಹೊತ್ತಗೆ. ಕನ್ನಡದ ‘ಕಂತೆ’ ಅನ್ನೋ ಪದ ಈ ಎರಡನ್ನೂ ಹೊತ್ತುಕೊಂಡಿದೆ. ಕಾಗದದ ಕಂತೆ, ನೋಟಿನ ಕಂತೆ ನಮಗೆಲ್ಲ ಗೊತ್ತು. ಸಂಸ್ಕೃತದ ‘ಕಂಥಾ’ದಿಂದ ಬಂದ ಇನ್ನೊಂದು ಕಂತೆ ಅಂದ್ರೆ ತೇಪೆ ಹಾಕಿದ ಹೊದಿಕೆ, ಜೋಗಿ ಜಂಗಮರು ಹೊದೆಯೋದು. ಬಂಗಾಳದ ‘ಕಾಂಥಾ’ ಹೊಲಿಗೆಯೂ ಅದೇ ಮನೆತನ. ಬೊಂತೆ ಅಂದ್ರೂ ಹರಕು ಸೇರಿಸಿ ಹೊಲಿದ ಹೊದಿಕೆಯೇ. ಮೊಳಕಾಲ್ಮೂರು ಕಡೆ ಕನ್ನಡ ತೆಲುಗು ಎರಡೂ ಆಡೋ ಮನೆಗಳಲ್ಲಿ ‘ಬೊಂತ’ ಅಂತಲೇ ಅಂತಾರೆ. ‘ಕಂತೆಗೆ ತಕ್ಕ ಬೊಂತೆ’ ಅನ್ನೋ ಗಾದೆಯನ್ನ ಜನ ಬಳಸೋದು ಹೀಯಾಳಿಸೋಕೆ. ನನಗೆ ಮಾತ್ರ ಅದು ನನ್ನ ಕೋಣೆಯ ವರ್ಣನೆ ಥರ ಕೇಳುತ್ತೆ: ಒಂದು ಮೂಲೆಯಲ್ಲಿ ಪುಸ್ತಕದ ಕಂತೆ, ಇನ್ನೊಂದು ಮೂಲೆಯಲ್ಲಿ ಅರ್ಧ ಹೊಲಿದ ಬೊಂತೆ.

ಇಂಥ ಪದಗಳನ್ನ ಹುಡುಕೋಕೆ ನಾನು ತೆರೆಯೋದು ಕಿಟೆಲ್ ನಿಘಂಟು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಲ್ಲಿ ಅಚ್ಚಾಗಿದ್ದು. ಇದೇ ಮಿಶನ್ನಿನವರು ಮಂಗಳೂರಿನಲ್ಲಿ ನೇಯ್ಗೆ ಕಾರ್ಖಾನೆಯನ್ನೂ ನಡೆಸ್ತಿದ್ರು. ಖಾಕಿ ಬಣ್ಣ ಕಂಡುಹಿಡಿದಿದ್ದು ಅಲ್ಲೇ ಅಂತ ಹೆಸರಿದೆ. ಒಂದು ಕೈಯಲ್ಲಿ ನಿಘಂಟು, ಇನ್ನೊಂದು ಕೈಯಲ್ಲಿ ಬಟ್ಟೆ. ನನ್ನ ಭಾನುವಾರದ ಸಮಸ್ಯೆ ಅವರಿಗೂ ಇತ್ತು ಅಂದ್ಕೊಳ್ತೀನಿ, ಸ್ವಲ್ಪ ದೊಡ್ಡ ಪ್ರಮಾಣದಲ್ಲಿ.

ಈಗ ಕೌದಿಗೆ ಬರೋಣ. ಮೊಳಕಾಲ್ಮೂರು ಅಂದ ತಕ್ಷಣ ಬೆಂಗಳೂರಿನವರು ‘ಓ, ರೇಷ್ಮೆ ಸೀರೆ’ ಅಂತಾರೆ. ಹೌದು, ಸೀರೆಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಇದೆ. ಆದ್ರೆ ರೇಷ್ಮೆ ಕೌದಿಗೆ ಬರಲ್ಲ. ಜಾರುತ್ತೆ, ಪದರಗಳು ಕೂಡಿಕೊಳ್ಳಲ್ಲ. ಅದಕ್ಕಿಂತ ಮುಖ್ಯ, ಹರಿಯೋವರೆಗೂ ರೇಷ್ಮೆ ಉಡೋ ಮನೆಗಳು ನಮ್ಮ ಕಡೆ ಎಷ್ಟಿದ್ದವು? ಮಗ್ಗದ ಮೇಲೆ ಇದ್ದದ್ದು ರೇಷ್ಮೆ, ಮಗ್ಗದವರ ಮೈಮೇಲೆ ಇದ್ದದ್ದು ನೂಲು. ಕೌದಿಗೆ ಹೋಗ್ತಿದ್ದಿದ್ದು ಆ ನೂಲೇ. ಹಳೇ ಸೀರೆ, ಪಂಚೆ, ಅಪ್ಪನ ಅಂಗಿ, ಮಕ್ಕಳ ಸ್ಕೂಲ್ ಯೂನಿಫಾರ್ಮ್, ಹಿಟ್ಟಿನ ಚೀಲದ ಬಟ್ಟೆ. ಇನ್ನು ಚಳ್ಳಕೆರೆ ಕಡೆಯ ಕಂಬಳಿ ಬೇರೆ ಲೋಕ. ಅದು ಕುರಿಯ ಉಣ್ಣೆ, ಕುರುಬರ ಕೈಕೆಲಸ, ದುಡ್ಡು ಕೊಟ್ಟು ಕೊಳ್ಳೋ ವಸ್ತು. ಮಳೆಗೆ, ಹೊಲಕ್ಕೆ, ಕುರಿ ಹಿಂದೆ ಹೋಗೋಕೆ ಕಂಬಳಿ. ಮಲಗೋಕೆ, ಬಾಣಂತನಕ್ಕೆ, ಕೂಸಿಗೆ ಕೌದಿ.

ಕೆಲಸ ಹೇಗೆ ಅಂದ್ರೆ, ಒಂದು ಗಟ್ಟಿ ಸೀರೆ ನೆಲಕ್ಕೆ ಹಾಸಿ, ನಾಲ್ಕು ಮೂಲೆಗೆ ಕಲ್ಲು ಇಟ್ಟು ಬಿಗಿ ಮಾಡ್ಕೋಬೇಕು. ಅದರ ಮೇಲೆ ಹರಕು ಬಟ್ಟೆಯ ಮೂರೋ ನಾಲ್ಕೋ ಪದರ. ಎಲ್ಲಿ ತೂತಿದೆಯೋ ಅಲ್ಲಿ ತೇಪೆ. ಮೇಲೆ ಬಣ್ಣಬಣ್ಣದ ತುಂಡು. ಆಮೇಲೆ ಅಂಚಿಂದ ಶುರುಮಾಡಿ ಸಾಲು ಸಾಲಾಗಿ ಹೊಲಿಗೆ. ಇದರಲ್ಲಿ ಜಾಣತನ ಇರೋದು ಹೊಲಿಗೆಯಲ್ಲಿ ಅಲ್ಲ, ಪದರದ ಲೆಕ್ಕದಲ್ಲಿ. ಸವೆದ ಜಾಗದ ಮೇಲೆ ಗಟ್ಟಿ ಜಾಗ ಬರಬೇಕು, ಎರಡು ಸವೆದ ಜಾಗ ಒಂದರ ಮೇಲೊಂದು ಕೂರಬಾರದು. ನಮ್ಮ ಕಡೆ ಮಳೆ ಕಮ್ಮಿ, ಶೇಂಗಾ ಕಿತ್ತು ಮುಗಿದ ಮೇಲೆ ಹೊಲದಲ್ಲಿ ಅಂಥ ಕೆಲಸ ಇರಲ್ಲ. ಬೇಸಿಗೆಯ ಮಧ್ಯಾಹ್ನ ಬೇವಿನ ಮರದ ಕೆಳಗೆ ಕೌದಿ ಹಾಸಿದ್ರೆ ಅಕ್ಕಪಕ್ಕದ ಮನೆಯವರೂ ಸೂಜಿ ಹಿಡ್ಕೊಂಡು ಬಂದು ಕೂರೋರು. ದೊಡ್ಡ ಹಬ್ಬದ ಮುಂಚೆ ಮನೆಯ ಕೌದಿಯೆಲ್ಲ ಹಳ್ಳಕ್ಕೆ ಹೋಗೋದು. ನೀರು ಕುಡಿದ ಕೌದಿ ಎತ್ತೋಕೆ ಇಬ್ಬರು ಬೇಕು.

ನಮ್ಮ ಅಜ್ಜಿಗೆ ವಯಸ್ಸಾದ ಮೇಲೆ ಸೂಜಿಯ ಕಣ್ಣು ಕಾಣ್ತಿರಲಿಲ್ಲ. ನಾನು ಪುಸ್ತಕ ಹಿಡಿದು ಕೂತಿದ್ರೆ ಕರೆಯೋರು: ‘ಓದಾದು ಆಮ್ಯಾಲೆ, ಮೊದ್ಲು ಈ ಸೂಜಿಗೆ ದಾರ ಪೋಣ್ಸು ಬಾರಪ್ಪ.’ ಎಂಟು ಹತ್ತು ಸೂಜಿಗೆ ಒಟ್ಟಿಗೆ ದಾರ ಹಾಕಿ ದಿಂಬಿಗೆ ಚುಚ್ಚಿಟ್ಟು ಮತ್ತೆ ಓದೋಕೆ ಓಡ್ತಿದ್ದೆ. ಅಜ್ಜಿಗೆ ಓದು ಬರ್ತಿರಲಿಲ್ಲ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಕೌದಿ ಮತ್ತು ಪುಸ್ತಕ ಒಂದೇ ಬಟ್ಟೆಯಿಂದ ಹುಟ್ಟಿದ್ರೂ ಒಂದೇ ಕೈಗೆ ಸಿಕ್ಕಿದ್ದು ತೀರಾ ಇತ್ತೀಚೆಗೆ. 1951ರ ಜನಗಣತಿಯಲ್ಲಿ ಇಡೀ ದೇಶದ ಹೆಂಗಸರಲ್ಲಿ ಓದು ಬರಹ ಬಲ್ಲವರು ಶೇ. 8.86. ನೂರಕ್ಕೆ ಒಂಬತ್ತೂ ಇಲ್ಲ. ಅಂದ್ರೆ ಸೂಜಿ ಹಿಡಿದ ಕೈಗಳಲ್ಲಿ ನೂರಕ್ಕೆ ತೊಂಬತ್ತೊಂದರಷ್ಟಕ್ಕೆ ಪುಸ್ತಕ ಅನ್ನೋದು ಬರೀ ವಸ್ತು. ಹೊಲಿಗೆಗೂ ಓದಿಗೂ ಸಮಯ ಹೇಗೆ ಹಂಚೋದು ಅನ್ನೋ ನನ್ನ ತಲೆನೋವು ನಮ್ಮ ಅಜ್ಜಿಗೆ ಇರಲೇ ಇಲ್ಲ. ಆ ತಲೆನೋವು ಬರಬೇಕಾದ್ರೂ ಮೊದಲು ಅಕ್ಷರ ಬರಬೇಕು.

ಮೊಳಕಾಲ್ಮೂರಿನ ವಿಚಿತ್ರ ನೋಡಿ. ಕರ್ನಾಟಕದ ಅತಿ ಹಳೆಯ ಬರಹಗಳಲ್ಲಿ ಮೂರು ಇರೋದು ಈ ತಾಲೂಕಿನಲ್ಲೇ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ, ಮೂರೂ ಅಶೋಕನ ಶಾಸನಗಳು, ಕ್ರಿಸ್ತಪೂರ್ವ ಮೂರನೇ ಶತಮಾನದವು. ಬ್ರಹ್ಮಗಿರಿಯ ಶಾಸನದ ಕೊನೆಯಲ್ಲಿ ಚಪಡ ಅನ್ನೋ ಲಿಪಿಕಾರ ತನ್ನ ಹೆಸರು ಹಾಕಿಕೊಂಡಿದ್ದಾನೆ. ತನ್ನ ಕೆಲಸವನ್ನ ಮಾತ್ರ ವಾಯವ್ಯ ಭಾರತದ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ದೂರದ ಊರಿಂದ ಇಲ್ಲಿಗೆ ಡೆಪ್ಯುಟೇಶನ್ ಮೇಲೆ ಬಂದ ಮನುಷ್ಯ, ತನ್ನ ಊರಿನ ಲಿಪಿಯಲ್ಲಿ ಒಂದು ಕಾಮೆಂಟ್ ಬಿಟ್ಟು ಹೋದ ಹಾಗೆ. 1892ರಲ್ಲಿ ಬಿ.ಎಲ್. ರೈಸ್ ಇವನ್ನ ಬೆಳಕಿಗೆ ತಂದ್ರು. 1947ರಲ್ಲಿ ಮಾರ್ಟಿಮರ್ ವೀಲರ್ ಬ್ರಹ್ಮಗಿರಿಯಲ್ಲಿ ಅಗೆದ್ರು.

ಅದಕ್ಕೂ ಮುಂಚೆ ಊರವರಿಗೆ ಆ ಬಂಡೆ ಗೊತ್ತಿರಲಿಲ್ಲ ಅಂತಲ್ಲ. ಬ್ರಹ್ಮಗಿರಿಯ ಬಂಡೆಗೆ ಅವರಿಟ್ಟ ಹೆಸರು ‘ಅಕ್ಷರಗುಂಡು’. ಇದು ಅಕ್ಷರ ಅಂತ ಗೊತ್ತಿತ್ತು, ಏನು ಅಂತ ಗೊತ್ತಿರಲಿಲ್ಲ. ಜಟಿಂಗ ರಾಮೇಶ್ವರ ಬೆಟ್ಟದ ಮೇಲಿನ ಬಂಡೆಗೆ ‘ಬಳೆಗಾರರ ಗುಂಡು’ ಅಂತ ಹೆಸರು. ಜಾತ್ರೆಯಲ್ಲಿ ಬಳೆಗಾರರು ಅದರ ಮೇಲೆ ಬಳೆ ಹರವಿಕೊಂಡು ಕೂರ್ತಿದ್ರಂತೆ, ಅಕ್ಷರ ಸವೆದಿದ್ದಕ್ಕೆ ಅದೂ ಒಂದು ಕಾರಣ. ಎಷ್ಟು ಹೆಂಗಸರು ಆ ಬಂಡೆಯ ಹತ್ತಿರ ಕೈ ಚಾಚಿ ಬಳೆ ತೊಡಿಸಿಕೊಂಡಿರಬೇಕು! ದೊಡ್ಡವರ ಮಾತು ಕೇಳು, ಜೀವಿಗಳ ಮೇಲೆ ದಯೆ ಇರಲಿ, ಸತ್ಯ ಹೇಳು ಅಂತ ಬರೆದಿದ್ದರ ಮೇಲೆಯೇ ವ್ಯಾಪಾರ ನಡೀತಿತ್ತು. ಪುರಾತತ್ವದವರಿಗೆ ಇದು ಹೊಟ್ಟೆ ಉರಿಸೋ ವಿಷಯ. ನನಗೆ ಹಾಗನ್ನಿಸಲ್ಲ. ಓದೋಕೆ ಬರದವರ ಊರಿನಲ್ಲಿ ಬರಹಕ್ಕೆ ಒಂದು ಉಪಯೋಗವಾದ್ರೂ ಆಯ್ತಲ್ಲ.

ಹಾಗಂತ ಓದು ಬಾರದವರಿಗೆ ಪುಸ್ತಕವೇ ತಲುಪಲಿಲ್ಲ ಅಂತ ತೀರ್ಮಾನಿಸೋದು ತಪ್ಪು. ಅವರು ಪುಸ್ತಕ ಕೇಳ್ತಿದ್ರು. ಕುಮಾರವ್ಯಾಸ ಭಾರತ, ಜೈಮಿನಿ ಭಾರತ ನಮ್ಮ ಹಳ್ಳಿಗಳಲ್ಲಿ ಬದುಕಿದ್ದೇ ಹಾಗೆ. ಒಬ್ಬರು ಓದೋರು, ಊರೇ ಕೇಳೋದು. ಮಳೆ ಬಾರದೇ ಹೋದ್ರೆ ವಿರಾಟಪರ್ವ ಓದಿಸೋದು ಕನ್ನಡನಾಡಿನ ಹಳೇ ಪದ್ಧತಿ. ನಮ್ಮಂಥ ಬರಗಾಲದ ಸೀಮೆಗೆ ಆ ಪರ್ವ ಎಷ್ಟು ಸಲ ಬೇಕಾಗಿರಬಹುದು ಅಂತ ನೀವೇ ಲೆಕ್ಕ ಹಾಕಿ. ಕಣ್ಣಿಗೆ ಕೆಲಸ ಇಲ್ಲ, ಕಿವಿಗೆ ಮಾತ್ರ. ಕೈ ಖಾಲಿ ಇರುತ್ತೆ. ಆ ಕೈಯಲ್ಲಿ ಹತ್ತಿ ಬಿಡಿಸಬಹುದು, ಶೇಂಗಾ ಸುಲಿಯಬಹುದು, ಬತ್ತಿ ಹೊಸೆಯಬಹುದು, ತೇಪೆ ಹಾಕಬಹುದು.

ಇದೇ ಉಪಾಯವನ್ನ ಕ್ಯೂಬಾದ ಚುಟ್ಟಾ ಕಾರ್ಖಾನೆಯ ಕೆಲಸಗಾರರು ಪದ್ಧತಿಯಾಗಿ ಮಾಡಿಕೊಂಡ್ರು. 1865ರಲ್ಲಿ ಹವಾನಾದಲ್ಲಿ ಶುರುವಾಯ್ತು. ಕೆಲಸಗಾರರೇ ತಮ್ಮ ಕೂಲಿಯಲ್ಲಿ ಒಂದಿಷ್ಟು ತೆಗೆದಿಟ್ಟು ಓದೋಕೆ ಒಬ್ಬನನ್ನ ಇಟ್ಟುಕೊಳ್ಳೋರು. ಅವನು ಎತ್ತರದ ಪೀಠದ ಮೇಲೆ ಕೂತು ಬೆಳಗ್ಗೆ ಪತ್ರಿಕೆ, ಆಮೇಲೆ ಕಾದಂಬರಿ ಓದೋನು. ಕೆಳಗೆ ನೂರಾರು ಜನ ಎಲೆ ಸುತ್ತುತ್ತಾ ಕೇಳೋರು. ಯಾವ ಕಾದಂಬರಿ ಅಂತ ಅವರೇ ಓಟು ಹಾಕಿ ತೀರ್ಮಾನಿಸೋರು. ಡ್ಯೂಮಾನ ‘ಮಾಂಟೆ ಕ್ರಿಸ್ಟೊ’ ಕಾದಂಬರಿಯ ಹೆಸರು ಒಂದು ಚುಟ್ಟಾ ಬ್ರ್ಯಾಂಡಿಗೇ ಅಂಟಿಕೊಂಡಿದೆ. ಆಡಿಯೋಬುಕ್ ಹಾಕ್ಕೊಂಡು ಪಾತ್ರೆ ತೊಳೆಯೋ ನಮ್ಮ ಫ್ಲ್ಯಾಟಿನ ಗಂಡಸರು ಹೆಂಗಸರು ಇವರ ವಂಶಸ್ಥರು. ಅವರಿಗೆ ಅದು ಗೊತ್ತಿಲ್ಲ ಅಷ್ಟೇ.

ನಮ್ಮ ಪಕ್ಕದ ಚಳ್ಳಕೆರೆ ತಾಲೂಕಿನಿಂದ ಪುಸ್ತಕ ಲೋಕಕ್ಕೆ ಹೋದವರು ಕಮ್ಮಿಯಿಲ್ಲ. ತಳುಕಿನ ವೆಂಕಣ್ಣಯ್ಯನವರು ಕುವೆಂಪು ಅವರ ಗುರು. ‘ಶ್ರೀ ರಾಮಾಯಣ ದರ್ಶನಂ’ ಅರ್ಪಣೆಯಾಗಿರೋದು ಅವರಿಗೇ. ಅದೇ ತಳುಕಿನ ಮನೆತನದ ತ.ರಾ.ಸು. ಚಿತ್ರದುರ್ಗದ ಪಾಳೆಯಗಾರರ ಕಥೆಯನ್ನ ಮನೆಮನೆಗೆ ಮುಟ್ಟಿಸಿದ್ರು. 1982ರ ‘ದುರ್ಗಾಸ್ತಮಾನ’ಕ್ಕೆ 1985ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಾಗ ಅವರೇ ಇರಲಿಲ್ಲ. ಬೆಳಗೆರೆ ಕೃಷ್ಣಶಾಸ್ತ್ರಿಗಳ ‘ಯೇಗ್ದಾಗೆಲ್ಲಾ ಐತೆ’ ಇವತ್ತಿಗೂ ಮಾರಾಟವಾಗುತ್ತೆ. ಆದ್ರೆ ಅವರ ಅಕ್ಕ ಜಾನಕಮ್ಮ ಕೂಡ ಕವಿ ಅಂತ ಎಷ್ಟು ಜನಕ್ಕೆ ಗೊತ್ತು? 1912ರಲ್ಲಿ ಹುಟ್ಟಿ, ಸಂಸಾರದ ನಡುವೆಯೇ ಪದ್ಯ ಬರೆದು, 1948ರಲ್ಲಿ ತೀರಿಹೋದ್ರು. ಮೂವತ್ತಾರು ವರ್ಷ. ನಂಜನಗೂಡು ತಿರುಮಲಾಂಬ ಬಾಲವಿಧವೆಯಾಗಿ ಮನೆಯೊಳಗೇ ಓದು ಕಲಿತು, 1913ರಲ್ಲಿ ‘ಸತೀ ಹಿತೈಷಿಣಿ’ ಗ್ರಂಥಮಾಲೆ ಶುರುಮಾಡಿ, ಬರೆದು, ಅಚ್ಚುಹಾಕಿಸಿ, ಹಂಚಿದ್ರು. ಮನೆಗೆಲಸ ಮತ್ತು ಓದು ಎರಡನ್ನೂ ಒಂದೇ ದಿನದೊಳಗೆ ಹೊಲಿದವರು ಅಂದ್ರೆ ಇವರು. ನಮ್ಮ ಭಾನುವಾರದ ಗೋಳು ಇವರ ಮುಂದೆ ಹೇಳೋ ಹಾಗಿಲ್ಲ.

ತ.ರಾ.ಸು. ಕಾದಂಬರಿ ನನಗೆ ಸಿಗೋದು ಬಹುಪಾಲು ಹಳೇ ಪುಸ್ತಕದ ರಾಶಿಯಲ್ಲಿ. ಬೆಂಗಳೂರಿನ ಅವೆನ್ಯೂ ರಸ್ತೆಯ ಫುಟ್‌ಪಾತಿನಲ್ಲಿ ಇಂಜಿನಿಯರಿಂಗ್ ಗೈಡು, ಸಿಇಟಿ ಪ್ರಶ್ನೆಪತ್ರಿಕೆ, ಜಾವಾ ಪುಸ್ತಕಗಳ ಮಧ್ಯೆ ‘ರಕ್ತರಾತ್ರಿ’ ಮಲಗಿರುತ್ತೆ. ಒಳಗೆ ಯಾವುದೋ ಊರಿನ ಸರ್ಕ್ಯುಲೇಟಿಂಗ್ ಲೈಬ್ರರಿಯ ಮುದ್ರೆ. ದಿನಕ್ಕೆ ಇಷ್ಟು ಪೈಸೆ ಅಂತ ಬಾಡಿಗೆಗೆ ಪುಸ್ತಕ ಕೊಡ್ತಿದ್ದ ಅಂಗಡಿಗಳು ಅವು. ಟೀವಿ ಬಂದ ಮೇಲೆ ಒಂದೊಂದಾಗಿ ಮುಚ್ಚಿ, ಪುಸ್ತಕಗಳು ತೂಕಕ್ಕೆ ಹೋದವು. ಒಂದು ಪ್ರತಿಯಲ್ಲಿ ನಾಯಕ ಸಾಯೋ ಪುಟದ ಪಕ್ಕ ಯಾರೋ ಪೆನ್ಸಿಲಿನಲ್ಲಿ ‘ಅಯ್ಯೋ’ ಅಂತ ಬರೆದಿದ್ರು. ಕೆಳಗೆ ಬೇರೆ ಕೈಬರಹದಲ್ಲಿ ‘ಮುಂದೆ ಓದಿ’ ಅಂತ ಇತ್ತು. ಹೊಸ ಪುಸ್ತಕದಲ್ಲಿ ಇದೆಲ್ಲ ಸಿಗಲ್ಲ.

ಹಳೇ ಪುಸ್ತಕದ ವ್ಯಾಪಾರವೂ ಒಂಥರಾ ತೇಪೆಯ ಕೆಲಸವೇ. ಬ್ರಿಗೇಡ್ ರಸ್ತೆಯ ಸಂದಿಯ ಸೆಲೆಕ್ಟ್ ಬುಕ್ ಶಾಪ್ 1945ರಿಂದ ಇದೆ. ಚರ್ಚ್ ಸ್ಟ್ರೀಟಿನ ಬ್ಲಾಸಮ್ ಕಟ್ಟಿದ ಮಾಯಿಗೌಡರು ಇಂಜಿನಿಯರಿಂಗ್ ಓದ್ತಾ ಎಂ.ಜಿ. ರಸ್ತೆಯ ಫುಟ್‌ಪಾತಿನಲ್ಲಿ ಹಳೇ ಪುಸ್ತಕ ಮಾರಿದವರು. ಅವರಿಗೂ ಹಿಂದಿನವರು ಗಳಗನಾಥರು (1869–1942). ತಮ್ಮ ಪುಸ್ತಕವನ್ನ ತಾವೇ ಹೊತ್ತು ಊರೂರು ತಿರುಗಿ ಮಾರಿದ ಮನುಷ್ಯ. ಬಳೆಗಾರರ ಹಾಗೆ, ಕೌದಿ ಹೊಲಿಯೋಕೆ ಬೇಸಿಗೆಯಲ್ಲಿ ಊರೂರಿಗೆ ಬರ್ತಿದ್ದ ಹೆಂಗಸರ ಹಾಗೆ.

ಆದ್ರೆ ಪುಸ್ತಕಕ್ಕೆ ಹೆಸರಿದೆ, ಕೌದಿಗೆ ಇಲ್ಲ. ಐವತ್ತು ವರ್ಷ ಹಳೇದಾದ್ರೂ ಪುಸ್ತಕ ಬರೆದವರು ಯಾರು, ಅಚ್ಚು ಹಾಕಿದವರು ಯಾರು, ಯಾವ ಇಸವಿ, ಎಷ್ಟು ಬೆಲೆ ಎಲ್ಲ ಮೊದಲ ಪುಟದಲ್ಲೇ ಇರುತ್ತೆ. ಕೌದಿಯ ಮೇಲೆ ಯಾರೂ ಸಹಿ ಹಾಕಲ್ಲ. ಎರಡು ಸಾವಿರ ವರ್ಷದ ಹಿಂದೆ ಬಂದು ಹೋದ ಚಪಡನ ಹೆಸರು ನನಗೆ ಗೊತ್ತು. ನಾನು ಕೂಸಾಗಿದ್ದಾಗ ಹೊದ್ದ ಕೌದಿಯ ಹೊಲಿಗೆ ಯಾರ್‍ಯಾರದ್ದು ಅಂತ ಹೇಳೋರು ಈಗ ಯಾರೂ ಉಳಿದಿಲ್ಲ.

ಇದು ಸ್ವಲ್ಪ ಬದಲಾಗಿದ್ದು ಉತ್ತರ ಕನ್ನಡದ ಸಿದ್ದಿ ಹೆಂಗಸರಿಂದ. ಪೋರ್ಚುಗೀಸರ ಕಾಲದಲ್ಲಿ ಆಫ್ರಿಕಾದಿಂದ ಗೋವಾಕ್ಕೆ ಗುಲಾಮರಾಗಿ ಬಂದು, ಅಲ್ಲಿಂದ ತಪ್ಪಿಸಿಕೊಂಡು ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡು ಸೇರಿದವರ ಮಕ್ಕಳು ಮೊಮ್ಮಕ್ಕಳು ಇವರು. 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದ್ರು. ಇವರ ಕೌದಿಗೆ ‘ಕವಂದಿ’ ಅಂತ ಹೆಸರು. ಅಂಚಿಂದ ಹೊಲಿಯೋಕೆ ಶುರುಮಾಡಿ ಸುತ್ತಿ ಸುತ್ತಿ ನಡುವಿಗೆ ಬರ್ತಾರೆ. ನಾಲ್ಕು ಮೂಲೆಗೆ ಬಟ್ಟೆ ಮಡಚಿ ಮಾಡಿದ ‘ಫೂಲ’ ಇರಲೇಬೇಕು, ಇಲ್ಲದಿದ್ರೆ ಕವಂದಿ ಬೆತ್ತಲೆ ಅಂತಾರಂತೆ. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಾಲ್ ಇವರ ಜೊತೆ ಕೆಲಸ ಮಾಡಿದ ಮೇಲೆ 2004ರಲ್ಲಿ ಹೆಂಗಸರದ್ದೇ ಒಂದು ಸಹಕಾರಿ ಗುಂಪು ಆಯ್ತು. ಕವಂದಿಗಳು ಅಮೆರಿಕದ ಪ್ರದರ್ಶನಗಳಿಗೆ ಹೋದವು, ಹೊಲಿದವರ ಹೆಸರಿನ ಸಮೇತ. ಹೆಚ್ಚುಕಮ್ಮಿ ಅದೇ ಹೊತ್ತಿಗೆ ಅಲಬಾಮಾದ ಜೀಸ್ ಬೆಂಡ್ ಅನ್ನೋ ಹಳ್ಳಿಯ ಕಪ್ಪು ಹೆಂಗಸರ ಕೌದಿಗಳು ದೊಡ್ಡ ಮ್ಯೂಸಿಯಂ ಗೋಡೆ ಹತ್ತಿದ್ದವು, 2006ರಲ್ಲಿ ಅಂಚೆಚೀಟಿಯೂ ಆದವು. ಗುಲಾಮಗಿರಿ ದಾಟಿ ಬಂದ ಎರಡು ಜನ, ಎರಡು ಖಂಡದಲ್ಲಿ, ಹರಕನ್ನೇ ಹಿಡಿದು ಹೆಸರು ಮಾಡಿದ್ರು. ಮ್ಯೂಸಿಯಂ ಗೋಡೆಯ ಮೇಲಿನ ಕೌದಿ ನೋಡಿ ನನಗೆ ಬರೋ ಪ್ರಶ್ನೆ ಒಂದೇ, ಇದನ್ನ ಈಗ ಯಾರು ಒಗೀತಾರೆ?

ಸುಧಾ ಮೂರ್ತಿಯವರು ಬರೆದ ‘ಥ್ರೀ ಥೌಸಂಡ್ ಸ್ಟಿಚಸ್’ ಹೆಸರು ನೀವು ಕೇಳಿರ್ತೀರಿ. ದೇವದಾಸಿ ಪದ್ಧತಿಯಿಂದ ಹೊರಬಂದ ಮೂರು ಸಾವಿರ ಹೆಂಗಸರು ತಲಾ ಒಂದು ಹೊಲಿಗೆ ಹಾಕಿ ಅವರಿಗೆ ಕೌದಿ ಕೊಟ್ಟ ಕಥೆ ಅದು. ಕೌದಿಗೆ ಇಂಥ ಸಹಿ ಪಟ್ಟಿ ಬೇರೆಲ್ಲೂ ಸಿಗಲಿಕ್ಕಿಲ್ಲ.

ಮೂರು ಸಾವಿರ ಹೊಲಿಗೆ ಅಂದ ಮೇಲೆ ನನ್ನೊಳಗಿನ ಇಂಜಿನಿಯರ್ ಸುಮ್ಮನಿರಲ್ಲ. ಆರಡಿ ಉದ್ದ, ನಾಲ್ಕಡಿ ಅಗಲದ ಕೌದಿ. ಅರ್ಧ ಅಂಗುಲಕ್ಕೆ ಒಂದು ಸಾಲು ಅಂದ್ರೆ 96 ಸಾಲು. ಒಂದು ಸಾಲು ಆರಡಿ, ಒಟ್ಟು 576 ಅಡಿ. ಅಂಗುಲಕ್ಕೆ ನಾಲ್ಕು ಹೊಲಿಗೆ ಅಂತ ಹಿಡಿದ್ರೆ 27,648 ಹೊಲಿಗೆ. ನನ್ನ ವೇಗ ನಿಮಿಷಕ್ಕೆ ಹತ್ತು. ಅಲ್ಲಿಗೆ 46 ಗಂಟೆ. ಭಾನುವಾರಕ್ಕೆ ಎರಡು ಗಂಟೆ ಕೊಟ್ರೆ 23 ವಾರ, ಅಂದ್ರೆ ಅರ್ಧ ವರ್ಷಕ್ಕೆ ಒಂದು ಕೌದಿ. ಅದೇ 46 ಗಂಟೆ ಓದಿದ್ರೆ, ಗಂಟೆಗೆ 30 ಪುಟದಂತೆ, 1,380 ಪುಟ. ನಾಲ್ಕೈದು ಕಾದಂಬರಿ. ಒಂದು ಕೌದಿಯ ಬೆಲೆ ನಾಲ್ಕೈದು ಕಾದಂಬರಿ! ಈ ಲೆಕ್ಕವನ್ನ ಅವ್ವನಿಗೆ ಹೇಳಿದೆ. ‘ಲೆಕ್ಕ ಹಾಕೋ ಹೊತ್ನಾಗೆ ಎಲ್ಡ್ ಸಾಲು ಹೊಲೀಬೋದಿತ್ತು’ ಅಂದ್ರು.

ನಮ್ಮ ಕಸುಬಿನವರಿಗೆ ತೇಪೆ ಹೊಸದಲ್ಲ ಬಿಡಿ. ಸಾಫ್ಟ್‌ವೇರ್ ‘ಪ್ಯಾಚ್’ ಅನ್ನೋ ಮಾತು ಬಂದಿದ್ದೇ ನಿಜವಾದ ತೇಪೆಯಿಂದ. 1940ರ ದಶಕದ ಹಾರ್ವರ್ಡ್ ಮಾರ್ಕ್-1 ಯಂತ್ರಕ್ಕೆ ಪ್ರೋಗ್ರಾಮ್ ಕೊಡ್ತಿದ್ದಿದ್ದು ತೂತು ಹೊಡೆದ ಕಾಗದದ ಪಟ್ಟಿಯಲ್ಲಿ. ತೂತು ತಪ್ಪಾದ್ರೆ ಅದರ ಮೇಲೆ ಕಾಗದದ ತುಂಡು ಅಂಟಿಸಿ ಮುಚ್ಚೋರು. ಶುಕ್ರವಾರ ರಾತ್ರಿ ಪ್ರೊಡಕ್ಷನ್‌ನಲ್ಲಿ ಪ್ಯಾಚ್ ಹಾಕಿ, ಭಾನುವಾರ ಪಂಚೆಗೆ ತೇಪೆ ಹಾಕ್ತೀನಿ. ಎರಡನೆಯದರಲ್ಲಿ ರೋಲ್‌ಬ್ಯಾಕ್ ಸುಲಭ, ದಾರ ಎಳೆದ್ರೆ ಆಯ್ತು.

ಕೌದಿಗೆ ಈಗ ಕಷ್ಟ ಇರೋದು ಸಮಯದಿಂದ ಅಲ್ಲ, ಬಟ್ಟೆಯಿಂದ. ಪಾಲಿಯೆಸ್ಟರ್ ಹರಿಯಲ್ಲ, ಮೆತ್ತಗಾಗಲ್ಲ, ಬೆವರು ಹೀರಲ್ಲ. ನೂಲಿನ ಸೀರೆ ಒಗೆದಂತೆ ಒಗೆದಂತೆ ಮೈಗೆ ಹೊಂದಿಕೊಳ್ಳುತ್ತೆ, ಪಾಲಿಯೆಸ್ಟರ್ ಹತ್ತು ವರ್ಷವಾದ್ರೂ ಅಂಗಡಿಯಲ್ಲಿದ್ದ ಹಾಗೇ ಇರುತ್ತೆ. ಊರಿನಲ್ಲಿ ಈಗ ಹಳೇ ಸೀರೆ ಕೇಳಿದ್ರೆ ಸಿಗೋದು ಅದೇ. ನೂಲಿನ ಪಂಚೆ, ಮಗ್ಗದ ಟವೆಲ್ ಸಿಕ್ಕ ದಿನ ನನಗೆ ಮೊದಲ ಮುದ್ರಣದ ಪುಸ್ತಕ ಸಿಕ್ಕಷ್ಟೇ ಖುಷಿ. ಹೊಲಿಯದೇ ಕೂಡಿಟ್ಟ ಬಟ್ಟೆ, ಓದದೇ ಕೂಡಿಟ್ಟ ಪುಸ್ತಕ ಎರಡೂ ಒಂದೇ ಬೀರುವಿನಲ್ಲಿವೆ. ಬ್ಯಾಕ್‌ಲಾಗ್ ಅಂದ್ರೆ ಏನು ಅಂತ ಸ್ಕ್ರಮ್ ಮಾಸ್ಟರ್ ನನಗೆ ಹೇಳಿಕೊಡಬೇಕಿಲ್ಲ.

ಹಂಚಿಕೆ ಮಾತ್ರ ಈಗ ಹೀಗಿದೆ. ಅವ್ವ ನಮ್ಮ ಜೊತೆ ಇರೋ ತಿಂಗಳಲ್ಲಿ ಅವರು ಹೊಲೀತಾರೆ, ನಾನು ಓದ್ತೀನಿ, ಗಟ್ಟಿಯಾಗಿ. ಅವ್ವ ಏಳನೇ ಕ್ಲಾಸು ಓದಿದವರು. ಕನ್ನಡಕ ಇಲ್ಲದೆ ಪುಸ್ತಕ ಹಿಡಿಯೋಕಾಗಲ್ಲ, ಕನ್ನಡಕ ಹಾಕಿದ್ರೆ ಸೂಜಿಗೆ ಬೇಕು ಅಂತಾರೆ. ‘ಕಂಬನಿಯ ಕುಯಿಲು’ ಮುಗೀತು, ‘ರಕ್ತರಾತ್ರಿ’ ನಡೀತಿದೆ. ಯುದ್ಧದ ಭಾಗ ಬಂದ್ರೆ ಹೊಲಿಗೆ ಉದ್ದ ಆಗುತ್ತೆ, ಅರಮನೆಯ ಒಳಸಂಚಿನ ಭಾಗದಲ್ಲಿ ಸಣ್ಣದಾಗುತ್ತೆ. ಮುಗಿದ ಕೌದಿ ನೋಡಿ ಯಾವ ಅಧ್ಯಾಯ ಎಲ್ಲಿ ಅಂತ ನಾನು ತೋರಿಸಬಲ್ಲೆ. ಅವ್ವ ಊರಿಗೆ ಹೋದ ಮೇಲೆ ಒಂದು ವಾರ ಸೂಜಿ, ಒಂದು ವಾರ ಪುಸ್ತಕ.

ಕೌದಿ ಹೊಲಿದು ಉಳಿದ ನೂಲಿನ ಪಟ್ಟಿಗಳನ್ನ ಬಿಸಾಕಲ್ಲ. ಹಳೇ ಪುಸ್ತಕದ ಬೆನ್ನು ಬಿಚ್ಚಿದ್ರೆ ಅದಕ್ಕೆ ಬೇಕಾಗೋದು ಇಂಥದ್ದೇ ತೆಳು ಹಳೇ ಬಟ್ಟೆ. ಮೈದಾ ಗಂಜಿ ಕಾಸಿ, ಒಂದು ಚಿಟಿಕೆ ಮೈಲುತುತ್ತ ಹಾಕಿ ಕಲಸಬೇಕು. ಬೈಂಡಿಂಗ್ ಮಾಡೋರೆಲ್ಲ ಹಾಗೇ ಮಾಡೋದು, ಹುಳ ಬರಲ್ಲ. ತುತ್ತ ವಿಷ, ಅಡುಗೆಮನೆಯ ಸೌಟು ಮುಟ್ಟಿಸಬಾರದು. ಬಟ್ಟೆಯನ್ನ ಬೆನ್ನಿಗೆ ಎಳೆದು ಅಂಟಿಸಿ, ಎರಡು ಹಲಗೆಯ ಮಧ್ಯೆ ಇಟ್ಟು, ಮೇಲೆ ಭಾರ ಹೇರಿ ಒಂದು ರಾತ್ರಿ ಬಿಡಬೇಕು. ಭಾರಕ್ಕೆ ನಾನು ಇಡೋದು ಕಿಟೆಲ್ ನಿಘಂಟು. ಈಗ ಅದರ ಕೆಳಗೆ ‘ತಿರುಗುಬಾಣ’ ಒಣಗ್ತಿದೆ, ಅವ್ವನ ನೀಲಿ ಸೀರೆಯ ತುಂಡು ಬೆನ್ನಿಗೆ ಹಾಕಿ. ಯುಗಾದಿಗೆ ಅವ್ವ ಬರೋ ಹೊತ್ತಿಗೆ ‘ರಕ್ತರಾತ್ರಿ’ಯ ಉಳಿದ ಭಾಗ ಓದಿ ಮುಗಿಸಿ ಇದನ್ನ ಶುರುಮಾಡಬೇಕು. ಮುಂದೇನಾಯ್ತು ಅಂತ ಈಗಾಗಲೇ ಎರಡು ಸಲ ಫೋನಿನಲ್ಲಿ ಕೇಳಿದ್ದಾರೆ.